ಡಾಕ್ಟ್ರಾ, ಮೆಕ್ಯಾನಿಕ್ಕಾ? ಊರಿಗೆ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳು

ನಾನು ಸಾಗರ ತಾಲ್ಲೂಕಿನವಳು. ಜರ್ಮನಿಯಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ಎಂ.ಎಸ್ಸಿ. ಓದುತ್ತಿದ್ದೇನೆ. ಕಳೆದ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಆಫ್ರಿಕಾದ ತಾಂಜಾನಿಯಾದಲ್ಲಿದ್ದೆ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಯಂತ್ರಗಳ ರಿಪೇರಿ ಕಲಿತು ಮಾಡಿದೆ, ಉಳಿದ ದಿನ ತಿರುಗಿದೆ. ಮಾರ್ಚಿನಲ್ಲಿ ಊರಿಗೆ ಬಂದರೆ ಎರಡು ಮದುವೆ, ಒಂದು ಉಪನಯನ, ಒಂದು ಗೃಹಪ್ರವೇಶ. ಎಲೆ ಮುಂದೆ ಕೂತಲ್ಲೆಲ್ಲ ಅದೇ ಪ್ರಶ್ನೆಗಳು. ಪಾಯಸ ಬರುವುದರೊಳಗೆ ಉತ್ತರ ಮುಗಿಯುವುದಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ನೀನು ಓದೋದು ಡಾಕ್ಟ್ರ ಕೋರ್ಸಾ, ಇಂಜಿನಿಯರಿಂಗಾ?

ಇಂಜಿನಿಯರಿಂಗ್. ನಿಮ್ಮ ಮಂಡಿ ಯಾಕೆ ನೋಯುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲ. ಮಂಡಿಯ ಎಕ್ಸ್‌ರೇ ತೆಗೆದ ಯಂತ್ರ ಸರಿ ಇತ್ತೋ ಇಲ್ಲವೋ ಎನ್ನುವುದನ್ನು ಬೇಕಾದರೆ ನೋಡಬಹುದು. ಅಜ್ಜಿಗೆ "ಆಸ್ಪತ್ರೆ ಮೋಟಾರ್ ರಿಪೇರಿ" ಎಂದು ಹೇಳಿದ ಮೇಲೆ ಅರ್ಥವಾಯಿತು. ಆದರೂ ಎದುರು ಮನೆಯವರ ಹತ್ತಿರ ಡಾಕ್ಟ್ರು ಅಂತಲೇ ಹೇಳಿಟ್ಟಿದ್ದಾರೆ.

ಜರ್ಮನಿಗೆ ಓದಲು ಹೋದವಳು ಆಫ್ರಿಕಾಕ್ಕೆ ಎಂತಕ್ಕೆ ಹೋದೆ?

ಜರ್ಮನಿಯ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟರೆ ಕರಾರು ಇರುವ ಕಂಪನಿಯ ಮನುಷ್ಯ ಬರುತ್ತಾನೆ, ರಿಪೇರಿ ಮಾಡುತ್ತಾನೆ, ಚೀಟಿ ಅಂಟಿಸಿ ಹೋಗುತ್ತಾನೆ. ವಿದ್ಯಾರ್ಥಿಗೆ ಸ್ಕ್ರೂ ಮುಟ್ಟಲೂ ಬಿಡುವುದಿಲ್ಲ. ಅದು ಸರಿಯೂ ಹೌದು. ಆದರೆ ಎರಡು ಸೆಮಿಸ್ಟರ್ ಓದಿ, ಹೃದಯದ ವಿದ್ಯುತ್ ಸಂಕೇತಕ್ಕೆ ಸಮೀಕರಣ ಬರೆಯಲು ಕಲಿತ ಮೇಲೂ ನಾನು ಒಂದೇ ಒಂದು ಇಸಿಜಿ ಯಂತ್ರದ ಮುಚ್ಚಳ ತೆಗೆದಿರಲಿಲ್ಲ. ಇದು ಯಾಕೋ ಸರಿಕಾಣಲಿಲ್ಲ.

ಅಷ್ಟರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಬೇಸಿಗೆ ರಜೆಯಲ್ಲಿ ತಾಂಜಾನಿಯಾದ ಆಸ್ಪತ್ರೆಗಳಿಗೆ ಕಳಿಸುವ ತಂಡವೊಂದು ಸಿಕ್ಕಿತು. ಮೊದಲ ತಿಂಗಳು ಬೆಳಿಗ್ಗೆ ಸ್ವಾಹಿಲಿ ಭಾಷೆಯ ಪಾಠ, ಮಧ್ಯಾಹ್ನ ಬೆಸುಗೆ ಹಾಕುವುದು, ಪವರ್ ಸಪ್ಲೈ ಬಿಚ್ಚಿ ಜೋಡಿಸುವುದು, ಎಕ್ಸ್‌ಟೆನ್ಷನ್ ಬಾಕ್ಸ್ ಮಾಡುವುದು. ಎರಡನೇ ತಿಂಗಳು ಇಬ್ಬಿಬ್ಬರನ್ನು ಒಂದೊಂದು ಆಸ್ಪತ್ರೆಗೆ ಬಿಡುತ್ತಾರೆ. ನನ್ನ ಪಾಲಿಗೆ ಬಂದದ್ದು ಕಿಲಿಮಂಜಾರೋ ಪರ್ವತದ ಬುಡದ ಮೋಶಿ ಪೇಟೆಯಿಂದ ಸ್ವಲ್ಪ ಮೇಲಿನ ಒಂದು ಆಸ್ಪತ್ರೆ.

ಎಕ್ಸ್‌ಟೆನ್ಷನ್ ಬಾಕ್ಸ್ ಮಾಡುವ ಪಾಠದಲ್ಲಿ ನನಗೆ ನಗು ಬಂತು. ಅದನ್ನು ಏಳನೇ ಕ್ಲಾಸಿನಲ್ಲೇ ಸಾಗರದ ನಮ್ಮ ಮಾವನ ರಿವೈಂಡಿಂಗ್ ಅಂಗಡಿಯಲ್ಲಿ ಕಲಿತಿದ್ದೆ. ಸುಟ್ಟ ಪಂಪ್‌ಸೆಟ್ ಮೋಟಾರ್, ಅಡಿಕೆ ಸುಲಿಯುವ ಮೆಷಿನ್ನು, ಮದ್ದು ಹೊಡೆಯುವ ಪಂಪು, ಎಲ್ಲ ಅಲ್ಲಿಗೇ ಬರುತ್ತವೆ. ಮಾವ ಹೇಳುತ್ತಿದ್ದದ್ದು ಒಂದೇ: "ಬಿಚ್ಚಕ್ಕೆ ಮುಂಚೆ ಕೇಳು, ಕೇಳಿದ ಮೇಲೆ ಮೂಸು, ಆಮೇಲೆ ಬಿಚ್ಚು." ಎಂ.ಎಸ್ಸಿ.ಯ ಯಾವ ಪುಸ್ತಕದಲ್ಲೂ ಇಷ್ಟು ಚುಟುಕಾಗಿ ಇಲ್ಲ.

ಆಸ್ಪತ್ರೆಗೆ ಹೋದ ದಿನವೇ ರಿಪೇರಿ ಶುರು ಮಾಡಿದೆಯಾ?

ಇಲ್ಲ. ಮೊದಲ ನಾಲ್ಕು ದಿನ ಬರೀ ಲೆಕ್ಕ ಬರೆದದ್ದು. ಯಾವ ವಾರ್ಡಿನಲ್ಲಿ ಯಾವ ಯಂತ್ರ, ಯಾವ ಕಂಪನಿಯದು, ಎಷ್ಟು ವೋಲ್ಟಿನದು, ನಡೆಯುತ್ತದೋ ಇಲ್ಲವೋ. ಹಿಂದಿನ ಕಟ್ಟಡದ ಒಂದು ಕೋಣೆಯಲ್ಲಿ ಕೆಟ್ಟದ್ದನ್ನೆಲ್ಲ ಪೇರಿಸಿದ್ದರು. ನಮ್ಮ ಮನೆಗಳಲ್ಲಿ ಅಟ್ಟಕ್ಕೆ ಹಾಕುತ್ತೇವಲ್ಲ, ಮುಂದೆ ಯಾವತ್ತಾದರೂ ಬೇಕಾದೀತು ಅಂತ, ಹಾಗೆ. ಆರು ಬಿಪಿ ಯಂತ್ರ, ಗಂಟಲಿನ ಕಫ ಎಳೆಯುವ ಸಕ್ಷನ್ ಯಂತ್ರ ಮೂರು, ಶಿಶುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಎರಡು, ಒಂದು ಆಟೋಕ್ಲೇವ್, ಎಲ್ಲದರ ಮೇಲೆ ಕೆಂಪು ಧೂಳು. ಬಿಪಿ ಯಂತ್ರ ಆರರಲ್ಲಿ ನಾಲ್ಕು ಒಂದೇ ಮಧ್ಯಾಹ್ನ ಸರಿಯಾದವು. ಒಂದರ ರಬ್ಬರ್ ನಳಿಕೆ, ಇನ್ನೊಂದರ ಗಾಳಿ ಒತ್ತುವ ರಬ್ಬರ್ ಬಲ್ಬು ತೆಗೆದು ಹೊಂದಿಸಿದ್ದು, ಅಷ್ಟೇ.

ಅಲ್ಲಿ ಯಂತ್ರಗಳು ಅಷ್ಟೊಂದು ಕೆಡುವುದು ಯಾಕೆ? ನೋಡಿಕೊಳ್ಳುವುದಿಲ್ಲವಾ?

ಈ ಪ್ರಶ್ನೆ ಕೇಳುವ ಧ್ವನಿ ನನಗೆ ಹಿಡಿಸುವುದಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಾಬರ್ಟ್ ಮಾಲ್ಕಿನ್ ಮತ್ತು ಜೊತೆಗಾರರು 2011ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. 16 ದೇಶಗಳ ಆಸ್ಪತ್ರೆಗಳ 1,12,040 ಉಪಕರಣಗಳ ಪಟ್ಟಿ ನೋಡಿದಾಗ ಶೇ. 38ರಷ್ಟು ಕೆಲಸ ಮಾಡುತ್ತಿರಲಿಲ್ಲ. ಕಾರಣ ಮುಖ್ಯವಾಗಿ ಮೂರು: ತರಬೇತಿ ಇಲ್ಲದ್ದು, ಉಪಕರಣಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದ್ದು, ಕರೆಂಟು ನೀರಿನಂಥ ಮೂಲಸೌಕರ್ಯ ಸರಿಯಿಲ್ಲದ್ದು. ಅಲ್ಲಿನ ಜನ ಸೋಮಾರಿಗಳು ಎಂಬ ಕಾರಣ ಆ ಪಟ್ಟಿಯಲ್ಲಿ ಇಲ್ಲ.

ಅದಕ್ಕೂ ಒಂದು ವರ್ಷ ಮೊದಲು ಮಾಲ್ಕಿನ್ ಇನ್ನೊಂದು ಲೆಕ್ಕ ಹಾಕಿದ್ದರು, ಅದು ನನಗೆ ಹೆಚ್ಚು ಇಷ್ಟ. 11 ದೇಶಗಳ 60 ಬಡ ಆಸ್ಪತ್ರೆಗಳಿಂದ ಬಂದ ರಿಪೇರಿ ಬೇಡಿಕೆಗಳನ್ನು ಒಂದೊಂದಾಗಿ ನೋಡಿದಾಗ, ಕೆಟ್ಟು ಕೂತವುಗಳಲ್ಲಿ ಶೇ. 66ರಷ್ಟನ್ನು 107 ಸಣ್ಣ ಸಣ್ಣ ಕೌಶಲಗಳಿಂದಲೇ ಮತ್ತೆ ನಡೆಸಬಹುದು ಎಂದು ಗೊತ್ತಾಯಿತು. ಫ್ಯೂಸು ಹಾಕುವುದು, ಪ್ಲಗ್ಗು ಬದಲಿಸುವುದು, ಪೈಪಿನ ಸೋರಿಕೆ ನಿಲ್ಲಿಸುವುದು, ಮೋಟಾರಿನ ಕಾರ್ಬನ್ ಬ್ರಷ್ ಹಾಕುವುದು, ಬಳಸುವವರಿಗೆ ಹೇಗೆಂದು ತೋರಿಸುವುದು, ಇಂಥವು. ಇದನ್ನು ಓದಿದಾಗ ನನಗೆ ನೆನಪಾದದ್ದು ಮಾವನ ಅಂಗಡಿ. ಆ 107ರಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೆ ಬರುತ್ತದೆ, ಆಸ್ಪತ್ರೆಯ ಯಂತ್ರ ಅವರು ಕಂಡದ್ದಿಲ್ಲ ಅಷ್ಟೇ.

ಉದಾಹರಣೆಗೆ ಆಟೋಕ್ಲೇವ್. ಶಸ್ತ್ರಚಿಕಿತ್ಸೆಯ ಸಾಮಾನನ್ನು 121 ಡಿಗ್ರಿ ಹಬೆಯಲ್ಲಿ ಶುದ್ಧ ಮಾಡುವ ಪಾತ್ರೆ. ದೊಡ್ಡ ಕುಕ್ಕರ್ ಅಂದುಕೊಳ್ಳಿ. ಕುಕ್ಕರ್ ಕೂಗದಿದ್ದರೆ ನಿಮ್ಮ ಮನೆಯಲ್ಲಿ ಮೊದಲು ಏನು ನೋಡುತ್ತೀರಿ? ಮುಚ್ಚಳದ ರಬ್ಬರು. ಅಲ್ಲೂ ಅದೇ ಆಗಿತ್ತು. ಇಸಿಜಿ ಯಂತ್ರ ಕೆಟ್ಟಿದೆ ಎಂದರೆ ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ. ರೋಗಿಯ ಮೈಗೆ ಹಾಕುವ ವೈರು ಒಳಗೇ ತುಂಡಾಗಿರುತ್ತದೆ, ಇಲ್ಲವೇ ಅರ್ತಿಂಗ್ ಇಲ್ಲದೆ ಗೆರೆಯೆಲ್ಲ ಗಜಿಬಿಜಿಯಾಗಿರುತ್ತದೆ.

ಒಂದು ರಿಪೇರಿಯನ್ನಾದರೂ ಪೂರ್ತಿ ಹೇಳು ಮಾರಾಯ್ತಿ.

ಆಕ್ಸಿಜನ್ ಕಾನ್ಸಂಟ್ರೇಟರ್ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ್ದೀರಿ, ಕೆಲವರ ಮನೆಯ ಮೂಲೆಯಲ್ಲಿ ಈಗಲೂ ಇದೆ.

ಅದರೊಳಗೆ ಆಕ್ಸಿಜನ್ ತುಂಬಿಟ್ಟಿರುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ನೈಟ್ರೋಜನ್, ಶೇ. 21 ಆಕ್ಸಿಜನ್. ಯಂತ್ರ ಈ ಗಾಳಿಯನ್ನು ಎಳೆದು, ಒತ್ತಡ ಕೊಟ್ಟು, ಜಿಯೋಲೈಟ್ ಎಂಬ ಹರಳು ತುಂಬಿದ ಕೊಳವೆಗೆ ನುಗ್ಗಿಸುತ್ತದೆ. ಜಿಯೋಲೈಟ್ ನೈಟ್ರೋಜನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಪಕ್ಕದ ಇನ್ನೊಂದು ಕೊಳವೆ ತಾನು ಹಿಡಿದಿದ್ದ ನೈಟ್ರೋಜನ್ನನ್ನು ಹೊರಗೆ ಬಿಡುತ್ತದೆ. ಹೀಗೆ ಸರದಿಯಂತೆ. ಯಂತ್ರ ಆಗಾಗ "ಫುಸ್" ಎನ್ನುವುದು ಅದಕ್ಕೇ. ಸರಿಯಾಗಿದ್ದರೆ ಶೇ. 90ರಿಂದ 95ರಷ್ಟು ಶುದ್ಧ ಆಕ್ಸಿಜನ್ ಬರುತ್ತದೆ.

ಮಕ್ಕಳ ವಾರ್ಡಿನ ಯಂತ್ರದಲ್ಲಿ ಹಳದಿ ದೀಪ ಹತ್ತಿಕೊಂಡೇ ಇತ್ತು. ಅಳೆದರೆ ಶೇ. 74. ನನ್ನ ಜೊತೆಗಿದ್ದ ಹುಡುಗ ಡೆನ್ಮಾರ್ಕಿನವನು, ಜಾಣ. "ಜಿಯೋಲೈಟ್ ಹೋಗಿದೆ, ಹೊಸದು ತರಿಸಬೇಕು" ಎಂದು ಬರೆದೇಬಿಟ್ಟ. ನನಗೆ ಮಾವ ನೆನಪಾದರು. ಬಿಚ್ಚುವ ಮೊದಲು ಕೇಳೋಣ ಎಂದು ರಾತ್ರಿ ಪಾಳಿಯ ನರ್ಸಮ್ಮನನ್ನು ಕೇಳಿದೆ. ಯಂತ್ರ ಬಹಳ ಸದ್ದು ಮಾಡುತ್ತದೆ, ಮಕ್ಕಳು ಮಲಗುವುದಿಲ್ಲ, ಅದಕ್ಕೇ ಗೋಡೆಗೆ ಒತ್ತಿ ಇಟ್ಟು ಮೇಲೆ ಕಂಬಳಿ ಹೊದಿಸುತ್ತೇವೆ ಎಂದರು. ಪಾಪ, ಅವರ ಮಟ್ಟಿಗೆ ಅದು ಸರಿಯೇ. ಗಾಳಿ ಎಳೆಯುವ ಜಾಗಕ್ಕೆ ಕಂಬಳಿ ಮುಚ್ಚಿದೆ! ಹಿಂಬದಿಯ ಸ್ಪಂಜಿನ ಫಿಲ್ಟರ್ ತೆಗೆದರೆ ದೋಸೆ ಹಂಚು ಒರೆಸುವ ಬಟ್ಟೆ ಇದ್ದ ಹಾಗಿತ್ತು. ತೊಳೆದು ಒಣಗಿಸಿ ಹಾಕಿದೆವು, ಒಳಗಿನ ಫಿಲ್ಟರ್ ಬದಲಿಸಿದೆವು, ಶೇ. 82 ಬಂತು. ಆಮೇಲೆ ಗ್ಯಾಸ್ ಸಿಲಿಂಡರಿಗೆ ಮಾಡುವಂತೆ ನಳಿಕೆಗಳ ಜೋಡಣೆಗೆಲ್ಲ ಸೋಪಿನ ನೀರು ಹಚ್ಚಿದರೆ ಒಂದು ಕಡೆ ಗುಳ್ಳೆ. ಕ್ಲಾಂಪು ಬಿಗಿ ಮಾಡಿದ ಮೇಲೆ ಶೇ. 91.

ನಿಜವಾದ ರಿಪೇರಿ ಇನ್ನೂ ಬಾಕಿ ಇತ್ತು. ಸದ್ದಿನ ತೊಂದರೆ ಹಾಗೇ ಉಳಿದರೆ ಮರುದಿನ ಮತ್ತೆ ಕಂಬಳಿ ಬರುತ್ತದೆ. ಯಂತ್ರದ ಅಡಿಗೆ ಹಳೇ ಟೈರಿನ ರಬ್ಬರು ಕತ್ತರಿಸಿ ಇಟ್ಟೆವು. ಗೋಡೆಯಿಂದ ಒಂದು ಮೊಳ ದೂರಕ್ಕೆ ನೆಲದ ಮೇಲೆ ಬಣ್ಣದ ಗೆರೆ ಎಳೆದೆವು. ವಾರಕ್ಕೊಮ್ಮೆ ಸ್ಪಂಜು ತೊಳೆಯುವ ಕೆಲಸವನ್ನು ಆ ನರ್ಸಮ್ಮನೇ ವಹಿಸಿಕೊಂಡರು. ನಾನು ಹೊರಡುವ ದಿನದವರೆಗೂ ಕಂಬಳಿ ಬಂದಿರಲಿಲ್ಲ.

ನೀನೇ ಕೆಡಿಸಿದ್ದು ಏನೂ ಇಲ್ಲವಾ?

ಇದೆ. ರಕ್ತ ಪರೀಕ್ಷೆಯ ಸೆಂಟ್ರಿಫ್ಯೂಜ್, ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸಿ ಬೇರ್ಪಡಿಸುವ ಯಂತ್ರ, ಎಲ್ಲಿಂದಲೋ ದಾನ ಬಂದದ್ದು. ಧೂಳು ಒರೆಸಿ, ಬ್ರಷ್ ಬದಲಿಸಿ, ಖುಷಿಯಲ್ಲಿ ಪ್ಲಗ್ಗು ಹಾಕಿದೆ. ಹಿಂಬದಿಯಲ್ಲಿ ವೋಲ್ಟೇಜ್ ಬದಲಿಸುವ ಒಂದು ಸಣ್ಣ ಗುಂಡಿ ಇತ್ತು, ಅದು 115 ವೋಲ್ಟಿನಲ್ಲಿತ್ತು. ತಾಂಜಾನಿಯಾದ ಕರೆಂಟು ನಮ್ಮ ಹಾಗೇ 230 ವೋಲ್ಟ್, 50 ಹರ್ಟ್ಸ್. ಒಂದು ಕ್ಷಣ ಚೆನ್ನಾಗಿ ತಿರುಗಿತು, ಆಮೇಲೆ ಹೊಗೆ. ಸ್ವಾಹಿಲಿಯಲ್ಲಿ ಹೊಗೆಗೆ "ಮೋಶಿ" ಎನ್ನುತ್ತಾರೆ. ಅಲ್ಲಿದ್ದ ಹಿರಿಯ ತಂತ್ರಜ್ಞರು ಕಿಟಕಿ ತೆಗೆದು, "ಊರಿನ ಹೆಸರು ಈಗ ಕಲಿತೆ ನೋಡು" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂಸುವ ಮೊದಲು ನೋಡುವುದೂ ಇದೆ ಅಂತ ಮಾವನಿಗೆ ಫೋನ್ ಮಾಡಿ ಹೇಳಿದೆ. "ಅದನ್ನ ಬೇರೆ ಹೇಳ್ಬೇಕಾ?" ಎಂದರು.

ದಾನ ಬಂದ ಯಂತ್ರ ಅಂದೆಯಲ್ಲ, ಬಂದದ್ದು ಒಳ್ಳೆಯದೇ ಅಲ್ಲವಾ?

ಬರೀ ಯಂತ್ರ ಬಂದರೆ ಒಳ್ಳೆಯದಲ್ಲ. ಮಗುವಿನ ಮೈಗೆ ಅಂಟಿಸುವ ಸೆನ್ಸರ್ ಇಲ್ಲದ ಇನ್‌ಕ್ಯುಬೇಟರ್, ಕಾಗದದ ಸುರುಳಿ ಸಿಗದ ಇಸಿಜಿ, ಹೇಗೆ ಬಳಸಬೇಕೆಂಬ ಪುಸ್ತಕವೇ ಇಲ್ಲದ ಅನಸ್ತೇಸಿಯಾ (ಅರಿವಳಿಕೆ) ಯಂತ್ರ, ಇವುಗಳಿಂದ ಕೋಣೆ ತುಂಬುತ್ತದೆ, ಅಷ್ಟೇ. ಕೊಟ್ಟವರ ಫೋಟೋ ಮಾತ್ರ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಹಸು ದಾನ ಕೊಡುವವರು ಹಗ್ಗವನ್ನೂ ಕೊಡುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಆಸ್ಪತ್ರೆಗೆ ಏನಾದರೂ ಕೊಡಬೇಕೆಂದಿದ್ದರೆ ಮೊದಲು ಅಲ್ಲಿನ ನರ್ಸನ್ನು ಕೇಳಿ. ಹೊಸ ಯಂತ್ರ ಬೇಡ, ಇರುವ ಬಿಪಿ ಯಂತ್ರಕ್ಕೆ ತೋಳಿಗೆ ಕಟ್ಟುವ ಎರಡು ಕಫ್ಫು, ನಾಲ್ಕು ಬ್ಯಾಟರಿ ಸಾಕು ಅಂದಾರು.

ಯಾವುದನ್ನು ಮುಟ್ಟಬಾರದು?

ಎಕ್ಸ್‌ರೇ ಯಂತ್ರದ ಒಳಗೆ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಪ್ಲಗ್ಗು ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಹಿಡಿದಿಟ್ಟುಕೊಂಡಿರಬಹುದು. ಎರಡನ್ನೂ ನಾವು ಬಿಚ್ಚಲಿಲ್ಲ. ವೆಂಟಿಲೇಟರ್, ಅನಸ್ತೇಸಿಯಾ ಯಂತ್ರಗಳನ್ನು ಒರೆಸಿ ಲೆಕ್ಕಕ್ಕೆ ಬರೆದುಕೊಂಡೆವು, ಅಷ್ಟೇ. ನಮ್ಮ ಕೈ ತಪ್ಪಿಗೆ ಇನ್ನೊಬ್ಬರ ಜೀವ ಹೋಗುವ ಕಡೆ ಕಲಿಯುವ ಆಸೆ ಬೇಡ.

ಇನ್ನೊಂದು, ನಡೆಯುತ್ತಿದೆ ಅನ್ನಿಸಿದರೂ ಕೆಟ್ಟಿರುವ ಯಂತ್ರಗಳು. ಹುಟ್ಟಿದ ಮಕ್ಕಳ ಕಾಮಾಲೆಗೆ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರಲ್ಲ, ಅದಕ್ಕೆ 460ರಿಂದ 490 ನ್ಯಾನೋಮೀಟರ್ ಸುತ್ತಿನ ನೀಲಿ ಬೆಳಕೇ ಬೇಕು. ಟ್ಯೂಬು ಹಳೆಯದಾದರೆ ಕಣ್ಣಿಗೆ ಉರಿಯುವಂತೆಯೇ ಕಾಣುತ್ತದೆ, ಬೇಕಾದ ಬೆಳಕಿನ ಶಕ್ತಿ ಮಾತ್ರ ಇಳಿದಿರುತ್ತದೆ. ಪೇಟೆಯ ಬಿಳಿ ಟ್ಯೂಬು ಹಾಕಿ "ಹತ್ತಿತು" ಎಂದು ಬರುವುದು ರಿಪೇರಿ ಅಲ್ಲ.

ಚೀಲದಲ್ಲಿ ಯಾವ ಸಾಮಾನು ಇಟ್ಟುಕೊಂಡಿದ್ದೆ?

ಮಲ್ಟಿಮೀಟರ್, ಬೆಸುಗೆ ಹಾಕುವ ಸಾಮಾನು, ಸ್ಕ್ರೂಡ್ರೈವರ್ ಸೆಟ್ಟು, ಟೆಫ್ಲಾನ್ ಟೇಪು, ಬಗೆಬಗೆಯ ಫ್ಯೂಸು, ತಲೆಗೆ ಕಟ್ಟುವ ಟಾರ್ಚು. ಹಲ್ಲುಜ್ಜುವ ಹಳೇ ಬ್ರಷ್ಷು ಹತ್ತಾದರೂ ಬೇಕು. ಅಲ್ಲಿನ ಪ್ಲಗ್ಗು ಹೆಚ್ಚಾಗಿ ನಮ್ಮ ಉರುಟು ಪಿನ್ನಿನದ್ದಲ್ಲ, ಇಂಗ್ಲೆಂಡಿನ ಹಾಗೆ ಚಪ್ಪಟೆ ಮೂರು ಪಿನ್ನಿನದ್ದು. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಗೆ ಮೂರು ಸುತ್ತು ಟೆಫ್ಲಾನ್ ಟೇಪು ಸುತ್ತಿದ್ದೆ. ವಿಮಾನದಲ್ಲಿ ಒಂದು ಹನಿ ಸೋರಲಿಲ್ಲ.

ಭಾಷೆ ಹೇಗೆ ನಿಭಾಯಿಸಿದೆ?

ಸ್ವಾಹಿಲಿ ನಮಗೆ ಅಷ್ಟು ಕಷ್ಟವಲ್ಲ. ಶಬ್ದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ, ಕನ್ನಡದ ಬಾಯಿಗೆ ಸಲೀಸು. ಅಂಗಡಿಗೆ "ದೂಕಾ", ಔಷಧಿಗೆ "ದಾವಾ", ಚಹಾಕ್ಕೆ "ಚಾಯ್", ಚಪಾತಿಗೆ ಚಪಾತಿಯೇ. ಶಾಲೆಗೆ "ಶೂಲೆ" ಎನ್ನುತ್ತಾರೆ, ಅದು ಜರ್ಮನ್ ಶಬ್ದ. ಮೊದಲ ಮಹಾಯುದ್ಧದವರೆಗೆ ಆ ಸೀಮೆ ಜರ್ಮನರ ಕೈಯಲ್ಲಿತ್ತು, ಅವರು ಹೋದರೂ ಶಬ್ದ ಉಳಿದಿದೆ. ಕರೆಂಟಿಗೆ "ಉಮೇಮೆ". ಮಿಂಚಿಗೂ ಅದೇ ಶಬ್ದ. ನಮ್ಮಲ್ಲೂ ವಿದ್ಯುತ್ ಅಂದರೆ ಎರಡೂ ಹೌದಲ್ಲ!

ನನಗೆ ಬಹಳ ಹಿಡಿಸಿದ್ದು ಎರಡು ಮಾತು. ಹಿರಿಯರನ್ನು ಕಂಡರೆ "ಶಿಕಮೋ" ಎನ್ನಬೇಕು, ನಿಮ್ಮ ಕಾಲು ಹಿಡಿಯುತ್ತೇನೆ ಎಂಬುದು ಅದರ ಮೂಲ ಎನ್ನುತ್ತಾರೆ. ಅವರು "ಮರಹಬಾ" ಎಂದು ಹರಸುತ್ತಾರೆ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜೊತೆಯ ಡೆನ್ಮಾರ್ಕಿನವನಿಗೆ ವಾರ ಹಿಡಿಯಿತು. ಇನ್ನೊಂದು "ಫುಂದಿ". ಗಾರೆಯವನು, ಬಡಗಿ, ದರ್ಜಿ, ರೇಡಿಯೋ ರಿಪೇರಿಯವನು, ಕೈಕೆಲಸ ಬಲ್ಲ ಯಾರೇ ಆದರೂ ಫುಂದಿ. ನಮ್ಮ "ಮೇಸ್ತ್ರಿ" ಎಂಬ ಶಬ್ದಕ್ಕೆ ಹತ್ತಿರ. ಮೂರನೇ ವಾರ ಹೆರಿಗೆ ವಾರ್ಡಿನಿಂದ ಯಾರೋ "ಫುಂದಿ!" ಎಂದು ಕೂಗಿದರು. ನಾನು ಹಿಂದೆ ತಿರುಗಿ ನೋಡಿದೆ, ಹಿಂದೆ ಯಾರೂ ಇರಲಿಲ್ಲ.

ಗಂಟೆಯ ವಿಷಯದಲ್ಲಿ ಏನೋ ಯಡವಟ್ಟಾಯಿತಂತೆ?

ಅಮ್ಮ ಎಲ್ಲರಿಗೂ ಹೇಳಿದ್ದಾರೆ ಅಂತಾಯ್ತು. ಸ್ವಾಹಿಲಿಯಲ್ಲಿ ಗಂಟೆಯನ್ನು ಹೊತ್ತು ಮೂಡಿದಲ್ಲಿಂದ ಎಣಿಸುತ್ತಾರೆ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ, ಒಂಬತ್ತು ಎಂದರೆ ಮೂರು. "ಮೂರು ಗಂಟೆಗೆ ಆಪರೇಷನ್ ಕೋಣೆ ಖಾಲಿ ಇರುತ್ತದೆ, ಬಂದು ದೀಪ ನೋಡಿ" ಎಂದಿದ್ದರು. ನಾನು ಊಟ ಮಾಡಿ ಮಧ್ಯಾಹ್ನ ಮೂರಕ್ಕೆ ಹೋದೆ. ಬೆಳಿಗ್ಗೆ ಒಂಬತ್ತರಿಂದ ಕಾದವರು ಬೇಸತ್ತು ಹೋಗಿದ್ದರು. "ಹೊತ್ತು ಮಾರುದ್ದ ಏರಿದ ಮೇಲೆ" ಎನ್ನುತ್ತಿದ್ದ ಅಜ್ಜ ಇದ್ದಿದ್ದರೆ ಸರಿಯಾದ ಸಮಯಕ್ಕೆ ಹೋಗುತ್ತಿದ್ದರು.

ಊಟಕ್ಕೆ ಎಂತ ಮಾಡಿದೆ?

ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಹೆಸರು "ಉಗಾಲಿ". ಜೊತೆಗೆ ಸೊಪ್ಪು, ಹುರುಳಿಕಾಯಿ ಬೀಜದ ಸಾರು. ಮೋಶಿಯ ಸುತ್ತ ಚಗ್ಗಾ ಜನ ಬಾಳೆಕಾಯಿ ಬೇಯಿಸಿ ತಿನ್ನುತ್ತಾರೆ, ಅದು ನನಗೆ ಸೇರಿತು. ಪೇಟೆಯಲ್ಲಿ ಗುಜರಾತಿಗಳ ಅಂಗಡಿಯಲ್ಲಿ ಸಾಸಿವೆ, ಜೀರಿಗೆ, ಎಲ್ಲ ಸಿಗುತ್ತದೆ. ನಾನಿದ್ದ ಮನೆಯ ಅಮ್ಮನಿಗೆ ಅಪ್ಪೆಮಿಡಿ ಕೊಟ್ಟೆ. ಒಂದು ಕಚ್ಚಿ, ಕಣ್ಣು ಮುಚ್ಚಿ, ನನ್ನನ್ನು ಬಹಳ ಹೊತ್ತು ನೋಡಿದರು. ಎರಡನೆಯದು ಕೇಳಲಿಲ್ಲ.

ಕಿಲಿಮಂಜಾರೋ ಹತ್ತಿದೆಯಾ? ಸಿಂಹ ನೋಡಿದೆಯಾ?

ಎರಡೂ ಇಲ್ಲ. ಇದನ್ನು ಕೇಳಿದ ಮೇಲೆ ಅರ್ಧ ಜನ ಎದ್ದು ಹೋಗುತ್ತಾರೆ.

ಕಿಲಿಮಂಜಾರೋ 5,895 ಮೀಟರ್. ನಮ್ಮ ಕೊಡಚಾದ್ರಿ 1,343. ನಾಲ್ಕು ಕೊಡಚಾದ್ರಿ ಒಂದರ ಮೇಲೊಂದು ಇಟ್ಟರೂ ಸಾಲದು. ಮಾರ್ಗದರ್ಶಿ ಇಲ್ಲದೆ ಬಿಡುವುದಿಲ್ಲ, ಐದಾರು ದಿನ ಬೇಕು, ಉದ್ಯಾನದ ಶುಲ್ಕ ವಿದ್ಯಾರ್ಥಿಯ ಜೇಬಿಗೆ ನಿಲುಕುವುದಲ್ಲ. ಹಗಲೆಲ್ಲ ಮೋಡದಲ್ಲಿ ಮುಚ್ಚಿರುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ಸಲ, ಸಂಜೆ ಒಂದು ಸಲ ಬೆಳ್ಳಗೆ ಕಾಣಿಸಿಕೊಳ್ಳುತ್ತಿತ್ತು. ನನಗೆ ಅಷ್ಟೇ ಸಾಕಾಯಿತು.

ಬೆಟ್ಟದ ತಪ್ಪಲಿನ ಚಗ್ಗಾ ಜನರ ತೋಟ ನೋಡಿದಾಗ ಮಾತ್ರ ಬಾಯಿ ಕಟ್ಟಿತು. ಮೇಲೆ ದೊಡ್ಡ ಮರ, ಅದರ ಕೆಳಗೆ ಬಾಳೆ, ಬಾಳೆಯ ಕೆಳಗೆ ಕಾಫಿ, ಕಾಫಿಯ ಬುಡದಲ್ಲಿ ಗೆಡ್ಡೆ. ಮೇಲಿನ ಹಳ್ಳದ ನೀರನ್ನು ಅಗಳು ತೋಡಿ ಮನೆ ಮನೆಗೆ ತಂದಿದ್ದಾರೆ. ಅಡಿಕೆಯೊಂದಿಲ್ಲ, ಉಳಿದದ್ದೆಲ್ಲ ನಮ್ಮ ಮನೆಯ ಹಿಂದಿನ ತೋಟವೇ. ಫೋಟೋ ಕಳಿಸಿದರೆ ಅಪ್ಪಯ್ಯ ಕೇಳಿದ್ದು, "ಬಾಳೆಗೆ ಕೊಟ್ಟಿಗೆ ಗೊಬ್ಬರ ಹಾಕ್ತಾರನಾ?" ಹಾಕುತ್ತಾರೆ.

ಸಫಾರಿಗೆ ಕೂಡಿಟ್ಟ ದುಡ್ಡಿನಲ್ಲಿ ಲುಶೋಟೋಕ್ಕೆ ಹೋದೆ. ಉಸಾಂಬಾರ ಬೆಟ್ಟಗಳ ನಡುವಿನ ಸಣ್ಣ ಪೇಟೆ, ಜರ್ಮನರು ಇದನ್ನು ವಿಲ್ಹೆಲ್ಮ್ಸ್‌ಟಾಲ್ ಎನ್ನುತ್ತಿದ್ದರಂತೆ. ಮೊಂಬೋ ಎಂಬಲ್ಲಿ ಇಳಿದು ಘಾಟಿ ಹತ್ತುವ ಬಸ್ಸು ಹಿಡಿಯಬೇಕು. ತಿರುವು, ಮಂಜು, ಪಕ್ಕದಲ್ಲಿ ಪ್ರಪಾತ, ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡುವ ಒಬ್ಬರು. ಆಗುಂಬೆ ಘಾಟಿಯೇ. ಮೇಲೆ ಇರೆಂಟೆ ಎಂಬ ಕಡಿಬಂಡೆಯ ತುದಿಯಲ್ಲಿ ನಿಂತರೆ ಕೆಳಗೆ ಮಸಾಯಿ ಬಯಲು ಕೊನೆಯಿಲ್ಲದೆ ಹಾಸಿಕೊಂಡಿದೆ. ಜರ್ಮನಿಯಲ್ಲಿ ನನ್ನ ಮನೆಯ ಮಾಲಕಿ ಕಿಟಕಿಯಲ್ಲಿ ನೇರಳೆ ಹೂವಿನ ಪುಟ್ಟ ಕುಂಡ ಇಟ್ಟಿದ್ದಾರೆ. ನಮ್ಮಲ್ಲಿ ಆಫ್ರಿಕನ್ ವಯಲೆಟ್ ಎನ್ನುವುದು. ಜರ್ಮನರು ಅದಕ್ಕೆ "ಉಸಾಂಬಾರ ವಯಲೆಟ್" ಎಂದೇ ಹೇಳುತ್ತಾರೆ, ಅದರ ತವರು ಈ ಬೆಟ್ಟಗಳು. ಒಂದು ಫೋಟೋ ತೆಗೆದು ಅವರಿಗೆ ಕಳಿಸಿದೆ. ಆ ತಿಂಗಳು ಬಾಡಿಗೆ ಎರಡು ದಿನ ತಡವಾದರೂ ಏನೂ ಅನ್ನಲಿಲ್ಲ.

ಜಾಂಜಿಬಾರ್‌ಗೂ ಹೋಗಿದ್ದೆ. ದಾರ್ ಎಸ್ ಸಲಾಮ್‌ನಿಂದ ಹಡಗಿನಲ್ಲಿ ಎರಡು ಗಂಟೆ. ಸಿಗಂದೂರು ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಬೆಳೆದವಳು ನಾನು, ನೀರಿನ ಮೇಲೆ ಹೆದರಿಕೆ ಇಲ್ಲ ಅಂದುಕೊಂಡಿದ್ದೆ. ಸಮುದ್ರ ಬೇರೆಯೇ. ಅಲ್ಲಿ ಲವಂಗ ಒಣಹಾಕಿದ್ದ ವಾಸನೆ ಮಾತ್ರ ನೆನಪಿದೆ. ಈಗ ಊರಲ್ಲಿ ಲಾಂಚಿನ ಬದಲು ಸೇತುವೆ ಆಗಿದೆ, 2025ರ ಜುಲೈನಲ್ಲಿ ತೆರೆಯಿತು. ಅನುಕೂಲವೇ, ಆದರೂ ಅಂಬಾರಗೋಡ್ಲು ದಡದಲ್ಲಿ ಮಂಡಕ್ಕಿ ತಿನ್ನುತ್ತ ಲಾಂಚು ಕಾಯುವುದು ತಪ್ಪಿತು.

ಹೆಣ್ಣುಮಗಳು ಒಬ್ಬಳೇ, ಹೆದರಿಕೆ ಆಗಲಿಲ್ಲವಾ?

ಕತ್ತಲಾದ ಮೇಲೆ ಒಬ್ಬಳೇ ನಡೆಯುತ್ತಿರಲಿಲ್ಲ, ಬೈಕ್ ಟ್ಯಾಕ್ಸಿ ಹತ್ತುತ್ತಿರಲಿಲ್ಲ, ಒಂದು ಕುಟುಂಬದ ಜೊತೆಗೇ ಇದ್ದೆ. ಸೊಳ್ಳೆ ಪರದೆ ಬಿಟ್ಟು ಮಲಗಲಿಲ್ಲ, ಮಲೇರಿಯಾ ಮಾತ್ರೆಯನ್ನು ವೈದ್ಯರು ಹೇಳಿದಂತೆ ನುಂಗಿದೆ. "ಕೊಡು ನಾನು ಬಿಚ್ಚುತ್ತೇನೆ" ಎಂದು ಕೈಯಿಂದ ಸ್ಕ್ರೂಡ್ರೈವರ್ ಕಸಿದುಕೊಳ್ಳುವ ಗಂಡಸರು ಅಲ್ಲೂ ಇದ್ದರು, ಜರ್ಮನಿಯಲ್ಲೂ ಇದ್ದಾರೆ, ಸಾಗರದಲ್ಲೂ ಇದ್ದಾರೆ. ಕೊಡಬಾರದು ಅಷ್ಟೇ.

ಹಳದಿ ಜ್ವರದ ಚುಚ್ಚುಮದ್ದು ಕಡ್ಡಾಯವಾ?

ನಾನು ನೈರೋಬಿಯಲ್ಲಿ ಇಳಿದು ಬಸ್ಸಿನಲ್ಲಿ ನಮಂಗಾ ಗಡಿ ದಾಟಿದವಳು. ಕೀನ್ಯಾದ ಕಡೆಯಿಂದ ಬರುವವರಿಗೆ ಗಡಿಯಲ್ಲಿ ಹಳದಿ ಚೀಟಿ, ಅಂದರೆ ಚುಚ್ಚುಮದ್ದಿನ ಪ್ರಮಾಣಪತ್ರ, ಕೇಳುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನವಾದ ಮೇಲೇ ಅದು ಊರ್ಜಿತ. 2016ರ ಜುಲೈನಿಂದ ಒಮ್ಮೆ ತೆಗೆದುಕೊಂಡರೆ ಜೀವಮಾನವಿಡೀ ಸಾಕು. ಹಳದಿ ಜ್ವರ ಇರುವ ದೇಶದಿಂದ ಚೀಟಿ ಇಲ್ಲದೆ ಸೀದಾ ಭಾರತಕ್ಕೆ ಬಂದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಇದಕ್ಕೂ ನಮ್ಮ ಜಿಲ್ಲೆಗೂ ಒಂದು ನಂಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ವಿಜ್ಞಾನಿಗಳು ಮೊದಲು ಹೆದರಿದ್ದು ಹಳದಿ ಜ್ವರ ಭಾರತಕ್ಕೆ ಬಂತೇ ಎಂದು. ನೋಡಿದರೆ ಹೊಸ ವೈರಸ್ಸು. ಅದೇ ನಮ್ಮ ಮಂಗನ ಕಾಯಿಲೆ. ಎರಡೂ ಒಂದೇ ಕುಟುಂಬದ ವೈರಸ್ಸುಗಳು, ಒಂದು ಸೊಳ್ಳೆಯಿಂದ, ಇನ್ನೊಂದು ಉಣುಗಿನಿಂದ. ಗಡಿಯ ಅಧಿಕಾರಿಗೆ ಇದನ್ನು ಹೇಳಲು ಹೋದೆ. ಹಿಂದಿನವರನ್ನು ಕರೆದ.

ದುಡ್ಡು ಎಷ್ಟು ಬೇಕು?

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಕ್ಕೆ ಮುಂಚೆ ಒಂದು ವರ್ಷದ ಜೀವನಕ್ಕೆ ಸಾಕಾಗುವ ದುಡ್ಡನ್ನು ಅಲ್ಲಿನ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ತಿಂಗಳಿಗೆ 992ರಂತೆ ನಮಗೇ ವಾಪಸ್ ಕೊಡುತ್ತಾರೆ. ಅಪ್ಪಯ್ಯ ಇಟ್ಟಿದ್ದ ಚಾಲಿ ಅಡಿಕೆಯನ್ನೆಲ್ಲ ಒಂದೇ ಸಲ ಮಾರಿದರು, ಉಳಿದದ್ದು ಸೊಸೈಟಿ ಸಾಲ. ತಾಂಜಾನಿಯಾದ ಖರ್ಚನ್ನು ನಾನೇ ಒಂದು ಪ್ರಯೋಗಾಲಯದಲ್ಲಿ ಅರೆಕಾಲಿಕ ದುಡಿದು ಕೂಡಿಸಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವಂತಿಲ್ಲ, ಅದಕ್ಕೆ ಬೇರೆ ಅನುಮತಿ ಬೇಕು.

ನಮ್ಮ ಕಡೆಯ ಆಸ್ಪತ್ರೆಗಳಿಗೂ ಇದು ಉಪಯೋಗಕ್ಕೆ ಬರುತ್ತದಾ?

ನಮ್ಮ ದೇಶದಲ್ಲೂ ಇದೇ ಕತೆ ಇದ್ದುದರಿಂದಲೇ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳ ನಿರ್ವಹಣೆಗೆ ಪ್ರತ್ಯೇಕ ಕಾರ್ಯಕ್ರಮ ಬಂತು. ಅದಕ್ಕೆ ಮುಂಚೆ ಎಣಿಸಿದಾಗ ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ 34ರಷ್ಟು ಉಪಕರಣಗಳು ಕೆಟ್ಟು ಕೂತಿದ್ದವು. ತಾಂಜಾನಿಯಾದವರನ್ನು ನೋಡಿ ನಗುವವರು ಇದನ್ನು ಓದಬೇಕು.

ಅಲ್ಲಿ ಧೂಳು, ಇಲ್ಲಿ ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಲೆನಾಡಿನ ಜಡಿಮಳೆಯಲ್ಲಿ ಚಪ್ಪಲಿಗೆ ಬೂಷ್ಟು ಹಿಡಿಯುವ ಹಾಗೇ ಸೂಕ್ಷ್ಮದರ್ಶಕದ ಮಸೂರಕ್ಕೂ ಹಿಡಿಯುತ್ತದೆ. ಒಮ್ಮೆ ಆಳವಾಗಿ ಹಿಡಿದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಡಬೇಕು, ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು. ಆಕ್ಸಿಜನ್ ಯಂತ್ರದ ಜಿಯೋಲೈಟಿಗೂ ತೇವ ಎಂದರೆ ಆಗದು. ಮಳೆಗಾಲಕ್ಕೆ ಮೂರು ತಿಂಗಳು ಮುಚ್ಚಿಟ್ಟು ಆಮೇಲೆ ಹಚ್ಚುವುದಕ್ಕಿಂತ ಆಗಾಗ ಸ್ವಲ್ಪ ಹೊತ್ತು ಓಡಿಸಿಡುವುದು ಮೇಲು. ಬೆಚ್ಚಗಿನ ಜಾಗ ಹುಡುಕಿ ಯಂತ್ರದೊಳಗೆ ಸಂಸಾರ ಹೂಡುವ ಹಲ್ಲಿ, ಇರುವೆಗಳದ್ದು ಬೇರೆ ಅಧ್ಯಾಯ. ಇನ್ನು ಸಿಡಿಲು. ಗುಡುಗು ಶುರುವಾದರೆ ಟಿವಿ ಪಿನ್ನು ಕೀಳುವ ನಾವು ಯಂತ್ರದ ಪಿನ್ನು ಕೀಳುವುದಿಲ್ಲ. ರೋಗಿಗೆ ಹಾಕಿರುವಾಗ ಕೀಳಲೂ ಆಗದು, ಅದಕ್ಕೇ ಒಳ್ಳೆಯ ಅರ್ತಿಂಗ್ ಬೇಕು.

ಮಗ ಪಿಯುಸಿ ಮುಗಿಸಿದ. ಇದೇ ಕೋರ್ಸಿಗೆ ಹಾಕೋಣವಾ?

ಅವನನ್ನು ಒಂದು ತಿಂಗಳು ರಿಪೇರಿ ಅಂಗಡಿಯಲ್ಲಿ ಕೂರಿಸಿ. ಕೈ ಮಸಿ ಮಾಡಿಕೊಂಡು ಖುಷಿಯಲ್ಲಿ ಮನೆಗೆ ಬಂದರೆ ಯೋಚಿಸಿ. ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲೇ ಬಿ.ಇ. ಇದೆ. ಎಲೆಕ್ಟ್ರಾನಿಕ್ಸ್ ಓದಿ ಆಮೇಲೆ ಈ ಕಡೆ ಬರುವುದೂ ಆಗುತ್ತದೆ, ನಾನು ಬಂದದ್ದು ಹಾಗೇ. ಜರ್ಮನಿಗೇ ಹೋಗುವುದಾದರೆ 2022ರ ನವೆಂಬರ್‌ನಿಂದ ವೀಸಾಕ್ಕೆ ಎಪಿಎಸ್ ಎಂಬ ಅಂಕಪಟ್ಟಿ ಪರಿಶೀಲನೆಯ ಪ್ರಮಾಣಪತ್ರ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಹಾಕಿ.

ನಮ್ಮನೆ ಅಜ್ಜನ ಬಿಪಿ ಮೆಷಿನ್ನು ಎಂತೆಂತದೋ ತೋರಿಸುತ್ತೆ. ನೋಡಿಕೊಡುತ್ತೀಯಾ?

ನೋಡುತ್ತೇನೆ. ತರುವ ಮುಂಚೆ ಮನೆಯಲ್ಲೇ ಒಂದಿಷ್ಟು ಮಾಡಿ. ಹೊಸ ಬ್ಯಾಟರಿ ಹಾಕಿ. ಅಜ್ಜನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಕವಳ ಬಾಯಲ್ಲಿ ಬೇಡ, ಮಾತೂ ಬೇಡ. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಅಂಗಿಯ ಮೇಲೆ ಕಫ್ಫು ಕಟ್ಟಬೇಡಿ. ದಪ್ಪ ತೋಳಿಗೆ ಸಣ್ಣ ಕಫ್ಫು ಕಟ್ಟಿದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಇಷ್ಟಾದ ಮೇಲೂ ಹಾಗೇ ಇದ್ದರೆ ಆಸ್ಪತ್ರೆಯಲ್ಲಿ ಅಳೆಸಿದ್ದರ ಜೊತೆ ಹೋಲಿಸಿ ನೋಡಿ. ಯಂತ್ರ ಸರಿಯಾಗಿಯೇ ಇದ್ದು, ಅಜ್ಜನ ಬಿಪಿಯೇ ಹಾಗಿರಬಹುದು. ಆಗ ನನ್ನ ಹತ್ತಿರ ಅಲ್ಲ, ಡಾಕ್ಟ್ರ ಹತ್ತಿರ ಹೋಗಿ.

ನಾನು ಏಪ್ರಿಲ್ ಮೊದಲ ವಾರದವರೆಗೆ ಮನೆಯಲ್ಲಿರುತ್ತೇನೆ. ಸಂಜೆ ಹೊತ್ತು ಮಾವನ ಅಂಗಡಿಯಲ್ಲಿ ಸಿಗುತ್ತೇನೆ. ತರುವಾಗ ವೈರು, ಕಫ್ಫು ಎಲ್ಲ ಒಟ್ಟಿಗೆ ತನ್ನಿ. ಬರೀ ಯಂತ್ರ ತಂದು ಕಫ್ಫು ಮನೆಯಲ್ಲೇ ಬಿಟ್ಟು ಬಂದವರು ಈವರೆಗೆ ಮೂರು ಜನ, ಅದರಲ್ಲೊಬ್ಬರು ನಮ್ಮ ದೊಡ್ಡಪ್ಪ.